ಕಂದು ಪಟ್ಟೆಯ ಮಫ್ಲರ್

ಸ್ಮಾಲ್ ಹೀತ್, ಬರ್ಮಿಂಗ್‌ಹ್ಯಾಮ್
9 ಸೆಪ್ಟೆಂಬರ್ 1996

ಪ್ರೀತಿಯ ನೆವ್,

ಕೊನೆಗೂ ನಮ್ಮೂರು ಟಿವಿಯಲ್ಲಿ ಬಂತು! ನಿನ್ನೆ ಸಂಜೆ ಎಂಟಕ್ಕೆ ಶುರುವಾಯಿತು, ಹೆಸರು ‘ಕಾಲುವೆಯ ಮಕ್ಕಳು’. ಇನ್ನು ಏಳು ಭಾನುವಾರ ಬಾಕಿ ಇದೆ. ಆ ಹೊತ್ತಿಗೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಪ್ಪತ್ತರ ದಶಕದ ಕಥೆ: ನಮ್ಮೂರ ಎರಡು ಫುಟ್‌ಬಾಲ್ ಪಕ್ಷಗಳ ಹಿಂದೆ ಬಿದ್ದ ಬ್ಲೂಸ್ ಹುಡುಗರು, ವಿಲ್ಲಾ ಹುಡುಗರು, ಅವರ ಹೊಡೆದಾಟ, ನಡುವೆ ಒಂದು ಪ್ರೇಮ. ಹೊಡೆದಾಡುವಾಗ ಎಲ್ಲರ ಕೂದಲೂ ಗಾಳಿಯಲ್ಲಿ ನಿಧಾನವಾಗಿ ಹಾರುತ್ತದೆ, ಹಿಂದೆ ಪಿಟೀಲು. ನನಗೆ ನೆನಪಿರುವ ಹುಡುಗರಿಗೆ ಮುಖದ ತುಂಬ ಮೊಡವೆ ಇತ್ತು, ಮೂಗು ಸೋರುತ್ತಿತ್ತು. ಗ್ಯಾರಿಸನ್ ಲೇನ್ ಎಂದು ತೋರಿಸಿದ ಬೀದಿಯಂತೂ ಲಿವರ್‌ಪೂಲಿನದು.

“ನಮ್ಮೂರ ಕಥೆ ತೆಗೆಯೋಕೆ ನಮ್ಮೂರೇ ಸಿಗಲಿಲ್ವಂತಾ ಇವ್ರಿಗೆ?” ಎಂದು ನಿನ್ನ ಭಾವ ಗ್ಲಿನ್ ಗೊಣಗಿದ. ಗೊಣಗುತ್ತಲೇ ಕಣ್ಣು ಮಿಟುಕಿಸದೆ ನೋಡಿದ. ಬ್ಲೂಸ್ ಮನೆಯಲ್ಲಿ ಹುಟ್ಟಿ ಇಪ್ಪತ್ತೆರಡು ವರ್ಷದಿಂದ ವಿಲ್ಲಾ ಗಂಡನನ್ನು ಸಹಿಸಿಕೊಂಡಿರುವ ನನಗೆ ಯಾವ ಪಕ್ಷ ಗೆದ್ದರೂ ಮನೆಯಲ್ಲಿ ಒಂದು ಮುಖ ಊದಿಕೊಂಡೇ ಇರುತ್ತದೆ. ಟಿವಿಯವರು ಇದನ್ನು ತೋರಿಸಬೇಕಿತ್ತು.

ಈಗ ಒಂದು ವಿಷಯ ಹೇಳುತ್ತೇನೆ, ಬೈಯಬೇಡ. ಮಾರ್ಚ್‌ನಲ್ಲಿ ಈ ನಾಟಕದ ಉಡುಪಿನವರು ಚರ್ಚ್ ಹಾಲಿಗೆ ಬಂದು, ಆ ಕಾಲದ ಮಫ್ಲರ್, ಬ್ಯಾಡ್ಜ್ ಏನಿದ್ದರೂ ಕೊಡಿ ಎಂದು ಕೇಳಿದ್ದರು. ಅಮ್ಮನ ಮನೆ ಖಾಲಿ ಮಾಡಿದಾಗ ತಂದು ಅಟ್ಟದಲ್ಲಿಟ್ಟಿದ್ದ ನಿನ್ನ ತಗಡಿನ ಪೆಟ್ಟಿಗೆ ನೆನಪಾಯಿತು. ಬೀಗ ಒಡೆದೆವು. ನಿನ್ನ ಬ್ಲೂಸ್ ಬ್ಯಾಡ್ಜುಗಳು, ಗ್ರೀನ್ ಲೇನ್ ಕೊಳದಲ್ಲಿ ಗೆದ್ದ ಈಜಿನ ಪದಕ, ಎಲ್ಲಕ್ಕಿಂತ ಅಡಿಯಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಒಂದು ವಿಲ್ಲಾ ಮಫ್ಲರ್! ಗ್ಲಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ ತಮ್ಮ ಒಳಗೊಳಗೇ ನಮ್ಮವ್ನು ಕಣೇ! ಹೆಂಗ್ ಬಚ್ಚಿಟ್ಟಿದ್ದಾನೆ ನೋಡು ಕಳ್ಳ!” ಎಂದ. ಪದಕ ನನ್ನ ಹತ್ತಿರ ಇದೆ. ಉಳಿದದ್ದನ್ನು ಅವರಿಗೆ ಕೊಟ್ಟೆ. ಯಾವಾಗಲಾದರೂ ನಿನ್ನ ಬ್ಯಾಡ್ಜು ಟಿವಿಯಲ್ಲಿ ಕಂಡೀತು, ನೋಡುತ್ತಿರು.

ಆ ಶೆಟ್ಲೆಂಡ್ ದ್ವೀಪದಲ್ಲಿ ಚಳಿ ಶುರುವಾಯಿತೇ? ಮೀನಿನ ಕಾರ್ಖಾನೆಯವರು ಈ ಕ್ರಿಸ್ಮಸ್ಸಿಗಾದರೂ ರಜೆ ಕೊಡುತ್ತಾರೆಯೇ?

ನಿನ್ನ ಅಕ್ಕ,
ಬೆರಿಲ್


ಲರ್ವಿಕ್, ಶೆಟ್ಲೆಂಡ್
14 ಸೆಪ್ಟೆಂಬರ್ 1996

ಅಕ್ಕಾ,

ಆ ಮಫ್ಲರ್ ವಾಪಸ್ ತಗೋ. ಬ್ಯಾಡ್ಜುಗಳು ಹೋದರೆ ಹೋಗಲಿ. ಮಫ್ಲರ್ ಮಾತ್ರ ಹೇಗಾದರೂ ಮಾಡಿ ತಗೋ. ಕಾಗದದಲ್ಲಿ ನನ್ನ ಹೆಸರು ಬರೆದುಕೊಟ್ಟೆಯಾ? ಯಾರಾದರೂ ಕೇಳಿದರೆ ಅದು ನನ್ನದಲ್ಲ ಅನ್ನು.

ಸಿಕ್ಕಿದ ಮೇಲೆ ನನಗೆ ಕಳಿಸಬೇಡ. ಒಲೆಗೆ ಹಾಕು.

ಗ್ಲಿನ್‌ಗೆ ಈ ಪತ್ರ ತೋರಿಸಬೇಡ.

ನೆವ್


ಸ್ಮಾಲ್ ಹೀತ್
23 ಸೆಪ್ಟೆಂಬರ್ 1996

ಪ್ರೀತಿಯ ನೆವ್,

ನಿನ್ನ ಪತ್ರ ಓದಿ ಮೊದಲು ನಗು ಬಂತು. ವಿಲ್ಲಾ ಮಫ್ಲರ್ ಇಟ್ಟುಕೊಂಡದ್ದು ಬಯಲಾಯಿತೆಂದು ಇಷ್ಟು ಗಾಬರಿಯೇ ಅಂದುಕೊಂಡೆ. ಕೆಲಸದ ಮಧ್ಯೆ ಶಾಲೆಯ ಅಡುಗೆಮನೆಯಿಂದಲೇ ಅವರಿಗೆ ಫೋನ್ ಮಾಡಿದೆ. ಎಂಟು ಕಂತು ಮುಗಿಯುವ ತನಕ ಏನೂ ಕೊಡುವುದಿಲ್ಲವಂತೆ. ಫಾರಂನಲ್ಲಿ ನನ್ನ ಹೆಸರು, ವಿಳಾಸ ಇದೆ. “ತಮ್ಮನ ವಸ್ತುಗಳು” ಎಂದೂ ಬರೆದಿದ್ದೇನೆ. ನನಗೇನು ಗೊತ್ತಿತ್ತು ಮಾರಾಯ.

ನಿನ್ನೆ ಅದು ಟಿವಿಯಲ್ಲಿ ಬಂತು. ಕೈಯಲ್ಲಿ ಹೆಣೆದದ್ದು ಅವರ ಹತ್ತಿರ ಅದೊಂದೇ ಇತ್ತೋ ಏನೋ, ಒಬ್ಬ ಚೆಂದದ ಹುಡುಗನ ಕೊರಳಿಗೆ ಹಾಕಿದ್ದರು. ನಾನು ಕೂಡಲೇ ಗುರುತು ಹಿಡಿದೆ: ಕಡುಗೆಂಪು, ತಿಳಿನೀಲಿ ಪಟ್ಟೆಗಳು, ಒಂದು ತುದಿಯ ಪಟ್ಟೆ ಮಾತ್ರ ಕಂದು. ಕುಚ್ಚುಗಳನ್ನು ಇಳಿಬಿಡದೆ ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದಿದ್ದಾರೆ. ಕಥೆಯಲ್ಲಿ ಆ ಹುಡುಗ ಗೆಳೆಯರ ಜೊತೆ ಪಂದ್ಯ ಕಟ್ಟಿ, ಕಾಲುವೆಗೆ ಅಡ್ಡಲಾಗಿರುವ ತೂಬಿನ ಗೇಟಿನ ಕಿರಿದಾದ ಹಲಗೆಯ ಮೇಲೆ ನಗುನಗುತ್ತಾ ಓಡುತ್ತಾನೆ, ಜಾರಿ ಬಿದ್ದು ಮುಳುಗುತ್ತಾನೆ. ಗೆಳೆಯರು ಟೋಪಿ ತೆಗೆದು ನಿಲ್ಲುತ್ತಾರೆ. ಪಿಟೀಲು. ನಾನೂ ಅತ್ತೆ.

ಗ್ಲಿನ್ ಅಳಲಿಲ್ಲ. “ಇದು ಬ್ಯಾರಿ ಟ್ರಾಂಟರ್ ಕಥೆ. ಎಪ್ಪತ್ತಾರರಲ್ಲಿ ಬೋರ್ಡ್ಸ್ಲಿ ಕಾಲುವೆಲಿ ಹೋದ್ನಲ್ಲ, ಅವ್ನು. ಹಿಂಗಾ ತೋರ್ಸೋದು? ಸರ್ಕಸ್ ಮಾಡ್ದಂಗೆ?” ಎಂದ.

ಆ ಟ್ರಾಂಟರ್ ಹುಡುಗ ನನಗೂ ನೆನಪಿದ್ದಾನೆ. ನಮ್ಮ ಮೈದಾನದಲ್ಲಿ ಆಟ ಮುಗಿದ ಸಂಜೆ ಅದು. ನೀನು ಇದ್ದಕ್ಕಿದ್ದಂತೆ ಒಂದು ಚೀಲ ಹಿಡಿದು ಊರು ಬಿಟ್ಟದ್ದು ಅದಾದ ಹದಿನೈದು ದಿನಕ್ಕೆ.

ಈ ಸಾಲು ಬರೆದ ಮೇಲೆ ಪೆನ್ನು ಕೆಳಗಿಟ್ಟು ಹೋಗಿ ಟೀ ಮಾಡಿಕೊಂಡು ಬಂದೆ. ಅದು ಮುಂದೆಯೇ ಆರಿಹೋಯಿತು. ನೆವ್, ಆ ಮಫ್ಲರ್ ನಿನಗೆ ಎಲ್ಲಿ ಸಿಕ್ಕಿತು?

ಬೆರಿಲ್


ಸ್ಮಾಲ್ ಹೀತ್
2 ಅಕ್ಟೋಬರ್ 1996

ನೆವ್,

ನಿನ್ನಿಂದ ಉತ್ತರ ಇಲ್ಲ. ಇದನ್ನು ಓದಿಯಾದರೂ ಬರೆ.

ಸೋಮವಾರದ ಸಂಜೆ ಪತ್ರಿಕೆಯಲ್ಲಿ ಓದುಗರ ಪತ್ರಗಳ ನಡುವೆ ಒಂದು ಪುಟ್ಟ ಪತ್ರ ಬಂದಿದೆ. ಕತ್ತರಿಸಿ ಕಳಿಸಿದರೆ ಪೇಪರಿನಲ್ಲಿ ತೂತು ಕಾಣುತ್ತದೆ, ಹಾಗಾಗಿ ನೋಡಿ ಬರೆಯುತ್ತಿದ್ದೇನೆ:

‘ಟಿವಿ ನಾಟಕದಲ್ಲಿ ನೀರಿಗೆ ಬೀಳುವ ಹುಡುಗನ ಕೊರಳಲ್ಲಿದ್ದ ಮಫ್ಲರ್ ನಾನು ಹೆಣೆದದ್ದು. ಕೆಂಪು ಉಣ್ಣೆ ಮುಗಿದುಹೋಗಿ, ನನ್ನ ಗಂಡನ ಹಳೆಯ ಸ್ವೆಟರ್ ಬಿಚ್ಚಿ ಕೊನೆಯ ಪಟ್ಟೆ ಹಾಕಿದ್ದೆ. ನನ್ನ ಮಗನನ್ನು ಕಾಲುವೆಯಿಂದ ತೆಗೆದಾಗ ಅವನ ಕೊರಳಲ್ಲಿ ಅದು ಇರಲಿಲ್ಲ. ಹರಿದುಹೋಗಿರಬೇಕು ಎಂದರು. ನಾನು ನಾಲ್ಕು ವಾರ ದಡದಲ್ಲಿ ಹುಡುಕಿದ್ದೆ. ಕೊಟ್ಟವರು ದಯವಿಟ್ಟು ತಿಳಿಸಬೇಕು. ಎಡ್ನಾ ಟ್ರಾಂಟರ್, ವಿಟ್ಟನ್.’

ಇದನ್ನು ಊಟದ ಮೇಜಿನ ಹತ್ತಿರ ಗಟ್ಟಿಯಾಗಿ ಓದಿದವನು ಗ್ಲಿನ್. ಓದುತ್ತಾ ಓದುತ್ತಾ ದನಿ ಇಳಿಯಿತು. ಪೇಪರನ್ನು ಮಡಿಚಿ, ಮತ್ತೆ ಮಡಿಚಿ, ಬಟಾಣಿಯ ಬಟ್ಟಲಿನ ಪಕ್ಕ ಇಟ್ಟ. ನನ್ನ ಮುಖ ನೋಡಿದ. ಆ ಪೆಟ್ಟಿಗೆಯಿಂದ ಅದನ್ನು ಎತ್ತಿ ಹಿಡಿದು ನಕ್ಕವನೇ ಅವನು, ನೆವ್. ಬ್ಯಾರಿಯ ಶವಪೆಟ್ಟಿಗೆಯ ಹಿಂದೆ ನಡೆದುಹೋದ ವಿಲ್ಲಾ ಹುಡುಗರಲ್ಲೂ ಅವನೊಬ್ಬ.

“ನಿನ್ ತಮ್ಮನ್ನ ಕೇಳು” ಎಂದ. ಅಷ್ಟೇ. ಎದ್ದು ಹೋಗಿ ಬಸ್ ಡಿಪೋದ ಕೋಟು ಹಾಕಿಕೊಂಡು ಹೊರಟ. ಅವತ್ತು ಅವನಿಗೆ ಪಾಳಿಯೇ ಇರಲಿಲ್ಲ.

ಬಾಗಿಲ ಗಂಟೆ ಹೊಡೆದರೆ ಮೊದಲು ಪರದೆ ಸರಿಸಿ ನೋಡುತ್ತೇನೆ. ನಿನ್ನೆ ಬಂದವನು ಹಾಲಿನವನು, ಅವನಿಗೆ ಎರಡು ಸಲ ದುಡ್ಡು ಕೊಟ್ಟೆ. ನೆಲದ ಮೇಲೆ ಬಿದ್ದಿತ್ತು, ಎತ್ತಿಕೊಂಡೆ ಅಂತ ಬರೆ. ಯಾರೋ ಕೊಟ್ಟರು ಅಂತ ಬರೆ. ಏನಾದರೂ ಬರೆಯೋ.

ಬೆರಿಲ್


ಲರ್ವಿಕ್
7 ಅಕ್ಟೋಬರ್ 1996

ಅಕ್ಕಾ,

ನೆಲದ ಮೇಲೆ ಬಿದ್ದಿರಲಿಲ್ಲ.

ಆಗ ಎದುರು ಪಕ್ಷದವನ ಮಫ್ಲರ್ ಕಿತ್ತುಕೊಂಡು ಬರುವ ಚಾಳಿ ಇತ್ತಲ್ಲ, ನಿನಗೆ ಗೊತ್ತು. ಕಿತ್ತದ್ದನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಮುಂದಿನ ಶನಿವಾರ ಮೆರೆಯುವುದು. ನಮ್ಮ ಗುಂಪಿನಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಇತ್ತು. ನನಗೆ ಹತ್ತೊಂಬತ್ತಾದರೂ ಒಂದೂ ಇರಲಿಲ್ಲ. “ನೆವಿ, ಸ್ವಂತದ್ದು ಸಿಗದಿದ್ರೆ ನಿಮ್ಮಕ್ಕನ ಗಂಡಂದೇ ಕದ್ಕೊಂಡ್ ಬಾರೋ” ಎಂದು ರೇಗಿಸುತ್ತಿದ್ದರು.

ಆಟ ಮುಗಿದು ಗ್ಯಾರಿಸನ್ ಲೇನಿನಲ್ಲಿ ಬರುತ್ತಿದ್ದೆವು. ಇನ್ನೂ ಬೆಳಕಿತ್ತು. ಅವನು ಗೆಳೆಯರಿಂದ ತಪ್ಪಿಸಿಕೊಂಡು ಒಬ್ಬನೇ ಇದ್ದ. ಆರು ಜನ ಓಡಿಸಿಕೊಂಡು ಹೊರಟೆವು. ಉಳಿದವರು ಸೇತುವೆಯ ಹತ್ತಿರ ಸುಸ್ತಾಗಿ ನಿಂತರು, ನಾನು ನಿಲ್ಲಲಿಲ್ಲ. ಕಾಲುವೆಯ ದಡದಲ್ಲಿ ಹಿಡಿದೆ. ಅವನು ಎರಡೂ ಕೈಯಲ್ಲಿ ಮಫ್ಲರನ್ನು ಬಿಗಿಯಾಗಿ ಹಿಡಿದುಕೊಂಡು ಏನೋ ಹೇಳಿದ. ಏನು ಹೇಳಿದ ಎಂದು ನಿನಗೂ ಬರೆಯಲಾರೆ. ಎಳೆದೆ, ಕೈಗೆ ಬಂತು. ಅವನು ತಿರುಗಿ ತೂಬಿನ ಗೇಟಿನ ಮೇಲೆ ಓಡಿದ. ಅರ್ಧಕ್ಕೆ ಹೋಗಿ ಹಿಂದೆ ನೋಡಿದ. ನಾನು ಬರುತ್ತಿದ್ದೇನೆಯೇ ಎಂದು ನೋಡಿದ. ಆಗ ಬಿದ್ದ.

ನಾನು ಮನೆಗೆ ಓಡಿದೆ. ಅಮ್ಮ ಆಲೂಗಡ್ಡೆ ಹುರಿದಿದ್ದಳು, ತಿಂದೆ. ಗುಂಪಿನವರಿಗೆ ತಪ್ಪಿಸಿಕೊಂಡುಬಿಟ್ಟ ಎಂದೆ. ಮಫ್ಲರನ್ನು ಮಣಿಕಟ್ಟಿಗೆ ಕಟ್ಟಲಿಲ್ಲ, ಸುಡಲು ಕೈ ಬರಲಿಲ್ಲ.

ಇಪ್ಪತ್ತು ವರ್ಷದಿಂದ ಪ್ರತಿ ದಿನ ಹೆದರಿದ್ದೇನೆ. ಇಲ್ಲಿ ದೋಣಿ ದಡದ ಕಟ್ಟೆಗೆ ಬಂದು ನಿಂತಾಗಲೆಲ್ಲ ಇಳಿಯುವವರ ಮುಖ ನೋಡುತ್ತೇನೆ. ಆದರೆ ಆವತ್ತಿನ ಭಾನುವಾರದಷ್ಟು ಯಾವತ್ತೂ ಹೆದರಿರಲಿಲ್ಲ. ನಾವಿಕರ ವಸತಿಗೃಹದ ಟಿವಿಯಲ್ಲಿ ನೋಡಿದೆ. ಅದೇ ಮಫ್ಲರ್, ಅದೇ ಗೇಟು. ಅವನು ನಗುತ್ತಾ ಓಡುತ್ತಾನೆ. ಹಿಂದೆ ಯಾರೂ ಇಲ್ಲ. ಅಕ್ಕಾ, ಅದರಲ್ಲಿ ನಾನೇ ಇಲ್ಲ. ಪಕ್ಕದಲ್ಲಿ ಕೂತಿದ್ದವನು “ಪಾಪ, ಹುಡುಗಾಟದಲ್ಲಿ ಹೋದ” ಎಂದ. ನಾನು “ಹೌದು” ಎಂದೆ. ಇಡೀ ದೇಶ ಕೂತು ನನ್ನನ್ನು ಬಿಟ್ಟುಬಿಟ್ಟಿತು.

ಯಾರಿಗೂ ಹೇಳಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ನೆವ್


ಸ್ಮಾಲ್ ಹೀತ್
14 ಅಕ್ಟೋಬರ್ 1996

ನೆವ್,

ನಿನ್ನ ಪತ್ರವನ್ನು ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ಓದಿದೆ. ಮೂರು ಸಲ ಓದಿದರೂ ಒಂದು ಮಾತು ಅದರಲ್ಲಿ ಸಿಗಲಿಲ್ಲ. ನೀನು ಬರೆಯದ ಆ ಮಾತನ್ನು ನಾನೇ ಬರೆಯುತ್ತೇನೆ: ನಿನಗೆ ಈಜು ಬರುತ್ತಿತ್ತು. ನಮ್ಮ ಬೀದಿಯಲ್ಲಿ ನಿನ್ನಷ್ಟು ಚೆನ್ನಾಗಿ ಯಾರೂ ಈಜುತ್ತಿರಲಿಲ್ಲ. ಆ ಪದಕ ಅದೇ ಮಫ್ಲರಿನ ಮೇಲೆ ಇಪ್ಪತ್ತು ವರ್ಷ ಕೂತಿತ್ತು.

ಟಿವಿಯವರಿಂದ ಕಾಗದ ಬಂದಿದೆ. ಮಿಸೆಸ್ ಟ್ರಾಂಟರ್ ಕೇಳುತ್ತಿದ್ದಾರೆ, ನಿಮ್ಮ ಹೆಸರು ಕೊಡಬಹುದೇ, ಅದು ನಿಮ್ಮ ತಮ್ಮನಿಗೆ ಹೇಗೆ ಸಿಕ್ಕಿತು ಎಂದು. ಶುಕ್ರವಾರದೊಳಗೆ ಉತ್ತರ ಬೇಕು. ಎರಡು ದಿನ ಎಪ್ರನ್ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಮುನ್ನೂರು ಮಕ್ಕಳಿಗೆ ಊಟ ಬಡಿಸುವಾಗ ಒಬ್ಬೊಬ್ಬನ ಕುತ್ತಿಗೆಯೇ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಬರೆದೆ: ‘ಹೆಸರು ಬೇಡ. ತಮ್ಮ ಅದನ್ನು ಯಾವುದೋ ಚರ್ಚಿನ ಹಳೆ ಬಟ್ಟೆ ಮಾರಾಟದಲ್ಲಿ ಕೊಂಡಿದ್ದನಂತೆ.’ ಲಕೋಟೆಯನ್ನು ನಾನೇ ಅಂಚೆಗೆ ಹಾಕಿದೆ. ನಿನ್ನನ್ನು ಉಳಿಸಲು ಮಾಡಿದೆನೋ, ಅವರು ನಮ್ಮ ಬಾಗಿಲಿಗೆ ಬರುತ್ತಾರೆಂಬ ಭಯಕ್ಕೆ ಮಾಡಿದೆನೋ ನನಗೇ ಗೊತ್ತಿಲ್ಲ.

ಗ್ಲಿನ್ ಕೇಳಿದ, “ಏನಂತೆ ನಿನ್ ತಮ್ಮ?”

“ಹಳೆ ಬಟ್ಟೆ ಮಾರಾಟದಲ್ಲಿ ತಗೊಂಡಿದ್ದಂತೆ” ಎಂದೆ.

“ಬ್ಲೂಸ್ ಹುಡುಗ. ದುಡ್ಡು ಕೊಟ್ಟು. ವಿಲ್ಲಾ ಮಫ್ಲರ್” ಎಂದ. ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದ. ಅವತ್ತಿನಿಂದ ಪಾಳಿ ಮುಗಿದರೂ ಮನೆಗೆ ತಡವಾಗಿ ಬರುತ್ತಾನೆ. ಭಾನುವಾರ ಟಿವಿ ಹಾಕುವುದಿಲ್ಲ. ಹೊರಗೆ ಪಬ್ಬಿನಲ್ಲಿ ಆ ನಾಟಕದ್ದೇ ಮಾತು, ಹುಡುಗರೆಲ್ಲ ಅದೇ ತರಹ ಕೂದಲು ಬಿಟ್ಟಿದ್ದಾರೆ, ಕಾಲುವೆಯ ಗೇಟಿನ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ನಿನ್ನ ಮೇಲೆ ಕೋಪ ಇದೆ, ನೆವ್. ನಿನ್ನ ಮೇಲಿನ ಪ್ರೀತಿ ಹೋಗಿಲ್ಲ, ಅದಕ್ಕೇ ಇನ್ನೂ ಕೋಪ.

ಬೆರಿಲ್


ಸ್ಮಾಲ್ ಹೀತ್
4 ನವೆಂಬರ್ 1996

ನೆವ್,

ನಾಟಕ ಮುಗಿಯಿತು. ಮಫ್ಲರನ್ನು ಟಿವಿಯವರು ಮಿಸೆಸ್ ಟ್ರಾಂಟರ್‌ಗೆ ಕೊಟ್ಟುಬಿಟ್ಟಿದ್ದಾರೆ. ಆಕೆ ನನಗೆಂದು ಬರೆದ ಪತ್ರವನ್ನು, ಆಕೆಗೆ ನನ್ನ ಹೆಸರು ತಿಳಿಸದೆ, ಟಿವಿಯವರೇ ನನ್ನ ವಿಳಾಸಕ್ಕೆ ಕಳಿಸಿದ್ದಾರೆ. ಅದನ್ನು ಇದರೊಳಗೆ ಇಟ್ಟಿದ್ದೇನೆ. ಗ್ಲಿನ್‌ಗೂ ಓದಲು ಕೊಟ್ಟೆ. ನಿನ್ನ ಪತ್ರವನ್ನೂ ಕೊಟ್ಟೆ. ಅವನು ಬೈಯಲಿಲ್ಲ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಅತ್ತ. “ಅವ್ನು ಬರ್ತಾನೋ, ನಾನೇ ಆ ತಾಯಿ ಹತ್ರ ಹೋಗ್ಲೋ ಕೇಳು” ಎಂದ.

ನಾನು ಒಂದು ಸಲ ಸುಳ್ಳು ಬರೆದೆ. ಎರಡನೇ ಸಲ ನನ್ನಿಂದ ಆಗದು. ಇದಕ್ಕೆ ಉತ್ತರ ಬರೆಯಬೇಕಾದವನು ನೀನು.

ಬೆರಿಲ್


ವಿಟ್ಟನ್
30 ಅಕ್ಟೋಬರ್ 1996

ಹೆಸರು ಗೊತ್ತಿಲ್ಲದ ತಾಯಿಗೆ,

ಮಫ್ಲರ್ ತಲುಪಿತು. ನಿಮ್ಮ ಮನೆಯಲ್ಲಿ ಅದಕ್ಕೆ ಒಂದು ಹುಳವೂ ಹತ್ತದ ಹಾಗೆ ಇಟ್ಟಿದ್ದೀರಿ, ನಿಮಗೆ ಒಳ್ಳೆಯದಾಗಲಿ. ಮಾರಾಟದಲ್ಲಿ ಕೊಂಡದ್ದು ಎಂದು ತಿಳಿಸಿದರು. ಇರಬಹುದು. ಆದರೆ ನನಗೆ ಎಪ್ಪತ್ತೊಂದು ವರ್ಷ, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ಇದು ನೀರು ಕುಡಿದಿಲ್ಲ. ಬೀಳುವ ದೃಶ್ಯಕ್ಕೆ ಬೇರೆ ಅಂಗಡಿಯ ಮಫ್ಲರ್ ಹಾಕಿದ್ದೆವು ಎಂದು ಟಿವಿಯವರು ಹೇಳಿದರು. ಕಾಲುವೆಯ ನೀರಿಗೆ ಬಿದ್ದ ಉಣ್ಣೆ ಹೇಗಾಗುತ್ತದೆ ಎಂದು ನನಗೆ ಗೊತ್ತು, ಅವನ ಸ್ವೆಟರನ್ನು ಒಗೆದವಳು ನಾನು. ಇದು ಅವನು ಬೀಳುವ ಮೊದಲೇ ಅವನ ಕೊರಳಿನಿಂದ ಬಂದಿದೆ. ಕುತ್ತಿಗೆಯ ಹತ್ತಿರ ಹೆಣಿಗೆ ಹಿಗ್ಗಿದೆ, ಎರಡು ಕಡೆಯಿಂದ ಎಳೆದ ಹಾಗೆ.

ಟಿವಿಯಲ್ಲಿ ನನ್ನ ಬ್ಯಾರಿ ನಗುತ್ತಾ ಗೇಟಿನ ಮೇಲೆ ಓಡುತ್ತಾನೆ. ನೆರೆಮನೆಯವರು ಬಂದು “ಎಷ್ಟು ಚೆನ್ನಾಗಿ ತೋರ್ಸಿದ್ದಾರೆ ಅಲ್ವಾ ಎಡ್ನಾ” ಎಂದರು. ನನ್ನ ಮಗ ನೀರಿಗೆ ಹೆದರುತ್ತಿದ್ದ. ನನ್ನ ಕೈ ಹಿಡಿದುಕೊಂಡರೂ ಆ ಗೇಟು ದಾಟುತ್ತಿರಲಿಲ್ಲ, ಹದಿನೇಳು ವರ್ಷವಾದರೂ ಸುತ್ತು ಹಾಕಿ ಸೇತುವೆಯ ಮೇಲೆ ಬರುತ್ತಿದ್ದ. ಹುಡುಗಾಟ ಎಂದು ವಿಚಾರಣೆಯಲ್ಲಿ ಬರೆದರು. ಈಗ ಊರಿಗೆ ಊರೇ ಅದನ್ನು ನೋಡಿ ನಂಬಿತು. ನಾನು ಸತ್ತ ಮೇಲೆ ಅದೇ ನಿಜವಾಗಿ ಉಳಿಯುತ್ತದೆ.

ಯಾರಿಗೂ ಶಿಕ್ಷೆ ಕೊಡಿಸುವ ಶಕ್ತಿ ನನ್ನಲ್ಲಿಲ್ಲ. ನಿಮ್ಮ ತಮ್ಮನಿಗೆ ಏನಾದರೂ ಗೊತ್ತಿದ್ದರೆ ಒಂದೇ ಒಂದು ಮಾತು ಕೇಳಿ ಹೇಳಿ. ಅವನ ಹಿಂದೆ ಯಾರಿದ್ದರು?

ಎಡ್ನಾ ಟ್ರಾಂಟರ್


ಲರ್ವಿಕ್
9 ನವೆಂಬರ್ 1996

ಮಿಸೆಸ್ ಟ್ರಾಂಟರ್ ಅವರಿಗೆ,

ಹಿಂದೆ ಇದ್ದವನು ನಾನು. ಬೇರೆ ಯಾರೂ ಇರಲಿಲ್ಲ. ನನಗೆ ಈಜು ಬರುತ್ತಿತ್ತು, ನೀರಿಗಿಳಿಯಲಿಲ್ಲ.

ಸೋಮವಾರದ ದೋಣಿಗೆ ಟಿಕೆಟ್ ತೆಗೆದಿದ್ದೇನೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಬಾಗಿಲಲ್ಲಿ ಇರುತ್ತೇನೆ. ನನ್ನ ಅಕ್ಕ, ಭಾವ ಜೊತೆಗೆ ಬರುತ್ತಾರೆ. ಅಲ್ಲಿಂದ ಪೊಲೀಸ್ ಠಾಣೆಗೆ ಹೋಗುತ್ತೇನೆ. ನೀವು ಬಾಗಿಲು ತೆಗೆಯಲೇಬೇಕೆಂದಿಲ್ಲ. ಇದನ್ನು ಬರೆಯುವಾಗಲೂ ನನಗೆ ಭಯವಾಗುತ್ತಿದೆ, ದೋಣಿಯಲ್ಲಿ ಇನ್ನೂ ಆಗುತ್ತದೆ. ನಿಮ್ಮ ಬಾಗಿಲಿಗೆ ಬಂದು ಮಾತೇ ಹೊರಡದಿದ್ದರೆ ಎಂದು ಒಂದು ಮಾತನ್ನು ಇಲ್ಲೇ ಬರೆದುಬಿಡುತ್ತೇನೆ. ಇದನ್ನು ಇಪ್ಪತ್ತು ವರ್ಷ ಯಾರಿಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಇದು ನಿಮಗೆ ಸೇರಿದ್ದು.

ನಾನು ಎಳೆಯುವ ಮೊದಲು ಅವನು ಕೋಟು ಬಿಚ್ಚಿ ನನ್ನ ಕಡೆ ಚಾಚಿದ. ಕೈಗಡಿಯಾರವನ್ನೂ ಬಿಚ್ಚಿದ. “ಇದೆಲ್ಲ ತಗೊಂಡ್ಬಿಡು ಅಣ್ಣಾ. ಮಫ್ಲರ್ ಮಾತ್ರ ಬಿಟ್ಬಿಡು. ನಮ್ಮಮ್ಮ ಹೆಣೆದಿದ್ದು” ಎಂದ.

ನೆವಿಲ್ ಹಾಲಿಸ್